ಭಾರತೀ ಬೀದಿಯ ಆಚೀಚೆ

ಶೆಟ್ಟಿಕೊಪ್ಪ, ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಶೃಂಗೇರಿ ನೆಂಟರ ಮನೆಯಿದ್ದ ಹಾಗೆ. ಮಗುವಿನ ಅಕ್ಷರಾಭ್ಯಾಸಕ್ಕೋ ಹರಕೆಗೋ ಹೋಗುತ್ತಲೇ ಇರುತ್ತೇವೆ. ಶಾರದಮ್ಮನಿಗೆ ಕೈಮುಗಿದು, ವಿದ್ಯಾಶಂಕರ ಗುಡಿಯ ಹನ್ನೆರಡು ರಾಶಿಕಂಬಗಳನ್ನು ನೋಡಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಎಸೆದು, ಮಠದಲ್ಲಿ ಊಟ ಮುಗಿಸಿದರೆ ನಮ್ಮ ಪಾಲಿಗೆ ಶೃಂಗೇರಿ ಮುಗಿಯಿತು. ಪೇಟೆಯ ನಡುವೆಯೇ ಇರುವ ಗುಡ್ಡವನ್ನು ಹತ್ತಿದವರು ಕಡಿಮೆ.

ಆ ಗುಡ್ಡದ ಮೇಲೆ ಮಲಹಾನಿಕರೇಶ್ವರನ ಗುಡಿ. ಋಷ್ಯಶೃಂಗರ ತಂದೆ ವಿಭಾಂಡಕ ಮುನಿ ಇಲ್ಲಿಯ ಲಿಂಗದಲ್ಲಿ ಐಕ್ಯರಾದರು ಎನ್ನುವುದು ಸ್ಥಳಪುರಾಣ. ಭಾರತೀ ಬೀದಿಯ ಗದ್ದಲ ಬಿಟ್ಟು ಕಲ್ಲಿನ ಮೆಟ್ಟಿಲು ಹತ್ತತೊಡಗಿದರೆ ಲಾಡ್ಜು, ಹೋಟೆಲು, ಅಂಗಡಿಗಳ ಮಾಡುಗಳೆಲ್ಲ ಒಂದೊಂದಾಗಿ ಕೆಳಗಿಳಿಯುತ್ತವೆ.

ನಾನು ಹೋದದ್ದು ಅಲ್ಲಿಯ ಒಂದು ಕಂಬಕ್ಕಾಗಿ. 1599ರಿಂದ 1622ರವರೆಗೆ ಪೀಠದಲ್ಲಿದ್ದ ಅಭಿನವ ನೃಸಿಂಹ ಭಾರತೀ ಸ್ವಾಮಿಗಳು ಈ ಗುಡಿಗೆ ಬಂದಾಗ ಗಣಪತಿಯಿಲ್ಲದ್ದನ್ನು ಕಂಡರಂತೆ. ಶಿಲ್ಪಿಯನ್ನು ಕರೆಸಲಿಲ್ಲ, ಪ್ರತಿಷ್ಠೆಗೆ ಮುಹೂರ್ತ ಹುಡುಕಿಸಲಿಲ್ಲ. ಕೈಗೆ ಸಿಕ್ಕ ಅರಿಸಿನದ ಕೊಂಬಿನಿಂದ ಕಂಬದ ಮೇಲೇ ಗಣಪತಿಯನ್ನು ಬರೆದರು. ಆ ಗೆರೆ ಬರಬರುತ್ತ ಉಬ್ಬಿ ಮೂರ್ತಿಯಾಯಿತು ಎನ್ನುತ್ತಾರೆ. ಅವನೇ ಸ್ತಂಭ ಗಣಪತಿ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗಂತೂ ಪವಾಡಕ್ಕಿಂತ ಆ ಅರಿಸಿನದ ಕೊಂಬೇ ಹೆಚ್ಚು ಹಿಡಿಸಿತು. ರಾಜರು ದತ್ತಿ ಬಿಟ್ಟ ಪೀಠದ ಯತಿಯೊಬ್ಬರು ಅಡುಗೆಮನೆಯ ಸಾಮಾನಿನಲ್ಲಿ ದೇವರನ್ನು ಬರೆದರಲ್ಲ!

ಗುಡ್ಡ ಇಳಿದರೆ ಊರೊಳಗೇ ಪಾರ್ಶ್ವನಾಥ ಬಸದಿ. 12ನೇ ಶತಮಾನದ್ದು, ವಿದ್ಯಾಶಂಕರ ಗುಡಿಗಿಂತಲೂ ಹಳೆಯದು. ಮಾರಿಸೆಟ್ಟಿ ಎಂಬ ವರ್ತಕನ ನೆನಪಿಗೆ ಕಟ್ಟಿದ್ದು. ಸಿಂಹನಗದ್ದೆ ಬಸದಿಯ ಜ್ವಾಲಾಮಾಲಿನಿಗೆ ನಡೆದುಕೊಳ್ಳುವ ನಮ್ಮ ಕಡೆಯ ಎಷ್ಟೋ ಮಂದಿಗೂ ಶೃಂಗೇರಿಯಲ್ಲೊಂದು ಬಸದಿಯಿದೆ ಎಂದರೆ ಅಚ್ಚರಿ.

ಹೊಳೆಯ ಮೆಟ್ಟಿಲ ಬಳಿ ಕಪ್ಪೆ ಶಂಕರನಿದ್ದಾನೆ. ಬಿಸಿಲಿಗೆ ಬಳಲಿದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಇಲ್ಲೇ ನೆಲೆಸಲು ಮನಸ್ಸು ಮಾಡಿದರು ಎಂಬ ಕತೆ ಎಲ್ಲರಿಗೂ ಗೊತ್ತು. ಮೀನು ನೋಡುವ ಆತುರದಲ್ಲಿ ಕಲ್ಲಿನ ಕಪ್ಪೆಯನ್ನು ಮಾತ್ರ ದಾಟಿಹೋಗುತ್ತಾರೆ. ಇನ್ನು ಊರಿನ ಕಾವಲಿಗೆ ನಾಲ್ಕು ದಿಕ್ಕಿನ ದೇವರು: ಮೂಡಲಿಗೆ ಕಾಲಭೈರವ, ತೆಂಕಲಿಗೆ ದುರ್ಗೆ, ಪಡುವಲಿಗೆ ಆಂಜನೇಯ, ಬಡಗಲಿಗೆ ಕಾಳಿ. ನಾಲ್ಕನ್ನೂ ನಡೆದು ಮುಗಿಸಬೇಕೆಂದರೆ ಬೆಳಗಿನ ಬಸ್ಸಿಗೇ ಬರಬೇಕು.

ಮಳೆಗಾಲದಲ್ಲಿ ತುಂಗೆ ಉಕ್ಕಿದರೆ ಗಾಂಧಿ ಮೈದಾನ ನೀರಿನಲ್ಲಿ ಮುಳುಗುತ್ತದೆ. ಅಲ್ಲಿ ನಿಲ್ಲಬೇಕಾದ ವಾಹನಗಳೆಲ್ಲ ಬೀದಿಗೆ ನುಗ್ಗುತ್ತವೆ, ನಡೆಯುವವನಿಗೆ ಜಾಗವಿರುವುದಿಲ್ಲ. ಗುಡ್ಡದ ಮೆಟ್ಟಿಲ ಮೇಲೆ ಸಿಕ್ಕ ಹಿರಿಯರೊಬ್ಬರು, "ಮುಂಚೆ ಬಂದವರು ರಾತ್ರಿ ಉಳೀತಿದ್ರು ಮಾರಾಯ್ರೆ, ಬೆಳಿಗ್ಗೆ ಎದ್ದು ಇಲ್ಲಿಗೂ ಹತ್ತಿ ಬರ್ತಿದ್ರು. ಈಗ ಬೆಳಿಗ್ಗೆ ಶೃಂಗೇರಿ, ಮಧ್ಯಾಹ್ನ ಹೊರನಾಡು, ರಾತ್ರಿಗೆ ಧರ್ಮಸ್ಥಳ" ಎಂದರು. ಶಿವರಾತ್ರಿಗೆ ಜನ ಸೇರುತ್ತಾರಲ್ಲ ಎಂದೆ. "ಶಿವರಾತ್ರಿ ವರ್ಷಕ್ಕೆ ಒಂದೇ ಅಲ್ವಾ" ಎಂದು ಕೊಡೆ ಬಿಚ್ಚಿ ಇಳಿದುಹೋದರು.