ಮಜ್ಜಿಗೆಯ ಲೋಟ, ನೀರಿನ ಕೊಡ

ಊಟದ ಹೊತ್ತಿಗೆ ಐದು ವರ್ಷದ ಬಾಲಕನಿಗೆ ಲೋಟಗಳನ್ನು ಇಡಲು ಹೇಳಿದರೆ ಆಳಿಗೊಂದರಂತೆ ತಪ್ಪದೆ ಇಡುತ್ತಾನೆ. ಎಲ್ಲರಿಗೂ ಸಮನಾಗಿ ಮಜ್ಜಿಗೆ ಹಂಚೆಂದಾಗಲೇ ತೊಡಕು. ಕಿರಿದಾದ ಲೋಟವನ್ನೂ ಅಗಲವಾದ ಬಟ್ಟಲನ್ನೂ ಒಂದೇ ಎತ್ತರಕ್ಕೆ ತುಂಬಿ, ಎರಡೂ ಸಮವೆಂದು ಸಾಧಿಸುತ್ತಾನೆ. ಪಕ್ಷಪಾತಿಯೆಂದು ಅಕ್ಕ ಗದರಿಸುತ್ತಾಳೆ. ಈ ಗದರಿಕೆ ನ್ಯಾಯವೆ?

ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ, ಅಲೀನಾ ಶೆಮಿನ್ಸ್ಕಾ ಅವರೊಡನೆ ಬರೆದು 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಪ್ರಯೋಗಗಳನ್ನೇ ವರ್ಣಿಸಿದ್ದಾನೆ. ಅವನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಒಂದೇ ಬಗೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಸಮವೆಂದು ಮಗುವಿನಿಂದಲೇ ಒಪ್ಪಿಸಿರಿ. ಬಳಿಕ ಅದರ ಕಣ್ಣೆದುರಿಗೇ ಒಂದರ ನೀರನ್ನು ಉದ್ದವಾದ ಕಿರಿದು ಪಾತ್ರೆಗೆ ಸುರಿಯಿರಿ. ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಉದ್ದನೆಯ ಪಾತ್ರೆಯಲ್ಲೇ ಹೆಚ್ಚು ನೀರಿದೆಯೆನ್ನುತ್ತದೆ. ಅದು ಎತ್ತರವನ್ನು ಗಮನಿಸುತ್ತದೆ. ಅಗಲ ಕುಗ್ಗಿದುದನ್ನು ಅದರೊಡನೆ ಸೇರಿಸಿ ಯೋಚಿಸಲಾರದು. ಏಳು ವರ್ಷದ ಸುಮಾರಿಗೆ ಉತ್ತರ ಬದಲಾಗುತ್ತದೆ. ಎಷ್ಟೋ ವೇಳೆ ಉತ್ತರಕ್ಕಿಂತ ಮಗು ಹೇಳುವ ಕಾರಣವೇ ಸ್ವಾರಸ್ಯವಾಗಿರುತ್ತದೆ. ಅದನ್ನು ಕೇಳಲು ಮರೆಯಬೇಡಿ. ಪ್ರಶ್ನೆ ಕೇಳುವ ರೀತಿಯಿಂದಲೂ ಮಕ್ಕಳ ಉತ್ತರ ಬದಲಾಗಬಹುದೆಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಆದುದರಿಂದ ಏಳು ಎಂಬುದನ್ನು ಗಡಿಗೆರೆಯೆಂದು ಭಾವಿಸಲಾಗದು.

ಬಾಲಕನು ಮಾಡಿದುದು ಪಕ್ಷಪಾತವಲ್ಲ, ತನಗೆ ತಿಳಿದ ನ್ಯಾಯ. ಒಂದೇ ಅಳತೆಯ ಲೋಟಗಳನ್ನು ಕೊಟ್ಟರೆ ಅವನೇ ಸರಿಯಾಗಿ ಹಂಚಿಯಾನು.

ಇನ್ನು ನೀರು ತರುವ ಕೆಲಸ. ಇಲ್ಲಿ ಬುದ್ಧಿಗಿಂತ ತೂಕ ಮುಖ್ಯ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಹತ್ತು ಲೀಟರ್ ಹಿಡಿಯುವ ಕೊಡ ತುಂಬಿದರೆ, ಪಾತ್ರೆಯ ಭಾರವೂ ಸೇರಿ, ಇಪ್ಪತ್ತು ಕಿಲೋಗ್ರಾಂ ತೂಗುವ ಮಗುವಿನ ಅರ್ಧ ತೂಕವನ್ನು ಮೀರುತ್ತದೆ! ಅಷ್ಟು ಭಾರವನ್ನು ಸೊಂಟದ ಒಂದೇ ಬದಿಗಿಟ್ಟರೆ ಮೈಯೆಲ್ಲ ಇನ್ನೊಂದು ಬದಿಗೆ ವಾಲಬೇಕಾಗುತ್ತದೆ. ಆ ಮಗುವಿಗೆ ಚೊಂಬೇ ಸಾಕು.

ಬಚ್ಚಲ ಹಂಡೆಯ ಕುದಿನೀರನ್ನು ತೋಡುವ ಕೆಲಸವನ್ನಂತೂ ಚಿಕ್ಕವರಿಗೆ ಹೇಳಲೇಬಾರದು. 60 ಡಿಗ್ರಿ ಸೆಂಟಿಗ್ರೇಡ್ ಕಾವಿನ ನೀರು ವಯಸ್ಕರ ಚರ್ಮವನ್ನೇ ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲುದು. ಮಕ್ಕಳ ಚರ್ಮ ಇನ್ನೂ ತೆಳು. ಅದಕ್ಕೆ ಅಷ್ಟು ಹೊತ್ತೂ ಬೇಡ.