‘ಬೇಡ’ ಎಂದವರ ಬಹುಮತ

ಕೂಡುಕುಟುಂಬ ಒಡೆಯುವುದನ್ನು ಕಂಡವರೆಲ್ಲ ಬಲ್ಲ ಸಂಗತಿಯೊಂದುಂಟು. ‘ಇನ್ನು ಒಟ್ಟಿಗಿರಲಾರೆವು’ ಎಂದು ಹೇಳುವ ದಿನ ಬೇರೆ ಹೋಗುವವರೆಲ್ಲ ಒಂದೇ ಮಾತಿನವರು. ಬಾವಿಯ ನೀರು ಯಾರಿಗೆ, ನಡುಗೋಡೆ ಎಲ್ಲಿ ಏಳಬೇಕು, ಹಿತ್ತಿಲ ದಾರಿಯಲ್ಲಿ ಯಾರ ಗಾಡಿ ಹೋಗಬೇಕು ಎಂಬ ಮಾತು ಬಂದ ದಿನ ಅದೇ ಜನರಲ್ಲಿ ನಾಲ್ಕು ಪಂಗಡ. ಏನು ಬೇಡವೆನ್ನುವುದರಲ್ಲಿದ್ದ ಒಮ್ಮತ ಏನು ಬೇಕೆನ್ನುವುದರಲ್ಲಿ ಉಳಿಯುವುದಿಲ್ಲ. ಮನೆಯ ಈ ಅನುಭವವನ್ನು ರಾಷ್ಟ್ರವೊಂದರ ಅಳತೆಯಲ್ಲಿ ಕಾಣಬೇಕಾದರೆ, ಐರೋಪ್ಯ ಒಕ್ಕೂಟವನ್ನು ಬಿಡುವ ಕುರಿತು ಬ್ರಿಟನ್ನಿನಲ್ಲಿ ನಡೆದ ಮಹಾವಾದವನ್ನು ನೋಡಬೇಕು.

2016ರ ಜೂನ್ 23ರಂದು ಆ ದೇಶದ ಮತದಾರರ ಮುಂದಿಟ್ಟ ಪ್ರಶ್ನೆ ಒಂದೇ ವಾಕ್ಯದ್ದು: ಐರೋಪ್ಯ ಒಕ್ಕೂಟದ ಸದಸ್ಯರಾಗಿ ಉಳಿಯಬೇಕೆ, ಅದನ್ನು ಬಿಡಬೇಕೆ? ‘ಹೌದು’ ‘ಇಲ್ಲ’ ಎಂಬ ಉತ್ತರಗಳನ್ನು ಕೇಳಿದರೆ ಪ್ರಶ್ನೆಯೇ ಪಕ್ಷಪಾತವಾದೀತೆಂದು ಚುನಾವಣಾ ಆಯೋಗ ಹಿಂದಿನ ವರ್ಷ ಸಲಹೆಯಿತ್ತುದರಿಂದ, ‘ಉಳಿ’ ‘ಬಿಡು’ ಎಂಬ ಎರಡು ಕ್ರಿಯಾಪದಗಳೇ ಮತಪತ್ರದ ಮೇಲೆ ಬಂದವು. ಮತದಾರರಲ್ಲಿ ಶೇಕಡ 72ರಷ್ಟು ಮಂದಿ ಮತವಿತ್ತರು. ಬಿಡುವುದಕ್ಕೆ 1,74,10,742, ಉಳಿಯುವುದಕ್ಕೆ 1,61,41,241. ಶೇಕಡ 51.9ಕ್ಕೆ 48.1. ಎಣಿಕೆ ಸ್ಪಷ್ಟವಾಗಿಯೇ ಇತ್ತು. ಆದರೆ ‘ಬಿಡು’ ಎಂಬ ಕ್ರಿಯಾಪದ ಬಿಟ್ಟದ್ದೇನೆಂದು ಹೇಳುತ್ತದೆ. ಬಿಟ್ಟು ಹೋಗುವುದೆಲ್ಲಿಗೆಂದು ಹೇಳುವುದಿಲ್ಲ. ಮುಂದಿನ ಮೂರೂವರೆ ವರ್ಷಗಳ ಸಂಕಟವೆಲ್ಲ ಆ ಒಂದು ಪದದ ಮೌನದಿಂದ ಹುಟ್ಟಿತು.

ಇಲ್ಲಿ ಸ್ವಲ್ಪ ಹಿಂದಿನ ಕತೆ ಬೇಕು. 1957ರಲ್ಲಿ ರೋಮ್ ನಗರದಲ್ಲಿ ಆರು ದೇಶಗಳು ಸೇರಿ ಸಾಮಾನ್ಯ ಮಾರುಕಟ್ಟೆಯ ಒಡಂಬಡಿಕೆಗೆ ರುಜು ಹಾಕಿದಾಗ ಬ್ರಿಟನ್ ದೂರ ನಿಂತಿತ್ತು. ಆಮೇಲೆ ಮನಸ್ಸು ಮಾಡಿ ಬಾಗಿಲು ತಟ್ಟಿದರೆ ಫ್ರಾನ್ಸಿನ ಅಧ್ಯಕ್ಷ ದ ಗಾಲ್ 1963ರಲ್ಲಿ ಒಮ್ಮೆ, 1967ರಲ್ಲಿ ಮತ್ತೊಮ್ಮೆ ಒಳಗೆ ಬಿಡಲಿಲ್ಲ. ಕೊನೆಗೆ ಎಡ್ವರ್ಡ್ ಹೀತ್ ಪ್ರಧಾನಿಯಾಗಿದ್ದಾಗ, 1973ರ ಜನವರಿ 1ರಂದು ಪ್ರವೇಶ ದೊರೆಯಿತು. ಎರಡೇ ವರ್ಷಗಳಲ್ಲಿ, 1975ರ ಜೂನ್ 5ರಂದು, ‘ಇರೋಣವೆ?’ ಎಂದು ಜನರನ್ನು ಕೇಳಲಾಯಿತು. ಶೇಕಡ 67ರಷ್ಟು ಮತಗಳು ಇರೋಣವೆಂದವು. ಆಗ ಇರಬೇಕೆಂದು ಪ್ರಚಾರ ಮಾಡಿದವರಲ್ಲಿ ಕನ್ಸರ್ವೇಟಿವ್ ಪಕ್ಷದ ಹೊಸ ನಾಯಕಿ ಮಾರ್ಗರೆಟ್ ಥ್ಯಾಚರ್ ಒಬ್ಬರು; ಬೇಡವೆಂದು ಗುಡುಗಿದವರಲ್ಲಿ ಲೇಬರ್ ಮಂತ್ರಿ ಟೋನಿ ಬೆನ್ ಒಬ್ಬರು. ನಲವತ್ತು ವರ್ಷಗಳಲ್ಲಿ ಪಕ್ಷಗಳ ಪಾತ್ರ ಹೆಚ್ಚುಕಡಿಮೆ ಅದಲುಬದಲಾಯಿತು. ಒಕ್ಕೂಟವೂ ಅದೇ ಆಗಿ ಉಳಿದಿರಲಿಲ್ಲ. 1992ರ ಮಾಸ್ಟ್ರಿಕ್ಟ್ ಒಪ್ಪಂದ ಮಾರುಕಟ್ಟೆಯನ್ನು ಸಾಮಾನ್ಯ ನಾಗರಿಕತ್ವದತ್ತ, ಸಾಮಾನ್ಯ ನಾಣ್ಯದತ್ತ ಒಯ್ದಿತು. 2004ರಲ್ಲಿ ಹತ್ತು ಹೊಸ ದೇಶಗಳು ಬಂದು ಸೇರಿದವು.

ಎರಡೂ ಪಕ್ಷಗಳ ವಾದವನ್ನು ಅವುಗಳ ಉತ್ತಮ ರೂಪದಲ್ಲಿ ಕೇಳುವುದು ನ್ಯಾಯ. ಬಿಡಬೇಕೆಂದವರ ಮಾತು ಇದು: ನಮ್ಮನ್ನು ಆಳುವ ಕಾನೂನು ಮಾಡುವವರನ್ನು ನಮ್ಮ ಮತದಿಂದಲೇ ಇಳಿಸುವ ಅಧಿಕಾರ ನಮಗಿರಬೇಕು, ಬ್ರಸೆಲ್ಸಿನಲ್ಲಿ ಕುಳಿತವರನ್ನು ನಾವು ಇಳಿಸಲಾರೆವು. ಉಳಿಯಬೇಕೆಂದವರ ಉತ್ತರ: ಒಬ್ಬಂಟಿಯಾಗಿ ಕಾಪಾಡಿಕೊಳ್ಳುವ ಸಾರ್ವಭೌಮತ್ವಕ್ಕಿಂತ ಹಂಚಿಕೊಂಡು ಬಳಸುವ ಸಾರ್ವಭೌಮತ್ವಕ್ಕೆ ಬಲ ಹೆಚ್ಚು, ಎರಡು ಮಹಾಯುದ್ಧಗಳನ್ನು ಕಂಡ ಖಂಡದಲ್ಲಿ ಒಂದೇ ಮೇಜಿನ ಸುತ್ತ ಕೂರುವುದೇ ದೊಡ್ಡ ಲಾಭ. ಎರಡೂ ಗಂಭೀರವಾದ ಮಾತುಗಳೇ. ಎರಡಕ್ಕೂ ರಾಜ್ಯಶಾಸ್ತ್ರದಲ್ಲಿ ಗಟ್ಟಿ ನೆಲೆಯಿದೆ.

ಬೀದಿಗಿಳಿದ ವಾದ ಈ ಮಟ್ಟದಲ್ಲಿ ನಿಲ್ಲಲಿಲ್ಲ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡು ಕಳಿಸುತ್ತಿದ್ದೇವೆ, ಅದನ್ನು ನಮ್ಮ ಆರೋಗ್ಯ ಸೇವೆಗೆ ಬಳಸೋಣ ಎಂದು ಬರೆದ ಕೆಂಪು ಬಸ್ಸೊಂದು ಊರೂರು ಸುತ್ತಿತು. 1984ರಲ್ಲಿ ಥ್ಯಾಚರ್ ಹೋರಾಡಿ ಪಡೆದ ರಿಯಾಯಿತಿಯನ್ನು ಆ ಅಂಕೆ ಕಳೆದೇ ಇರಲಿಲ್ಲ. ಅದು ದಾರಿ ತಪ್ಪಿಸುವಂಥದೆಂದು ಅಂಕಿಅಂಶಗಳ ಪ್ರಾಧಿಕಾರ ಹೇಳಿದರೂ ಬಸ್ಸು ನಿಲ್ಲಲಿಲ್ಲ. ಇನ್ನೊಂದು ಪಕ್ಷವೂ ಅಂಕೆಗಳಿಂದಲೇ ಹೆದರಿಸಿತು. ಬಿಡುವ ತೀರ್ಪು ಬಂದರೆ ಕೂಡಲೇ ವರ್ಷವಿಡೀ ಆರ್ಥಿಕ ಹಿಂಜರಿತ ಎಂದು ಹಣಕಾಸು ಇಲಾಖೆ ನುಡಿಯಿತು. ತೀರ್ಪು ಬಂತು, ಆ ಹಿಂಜರಿತ ಬರಲಿಲ್ಲ. ಒಂದು ಕಡೆ ಆಸೆ, ಒಂದು ಕಡೆ ಭಯ. ನಡುವೆ ತಿಳಿವಳಿಕೆಗೆ ಕೂರಲು ಜಾಗವಿರಲಿಲ್ಲ. ಮತದಾನಕ್ಕೆ ಒಂದು ವಾರ ಮುಂಚೆ, ಜೂನ್ 16ರಂದು, ಉಳಿಯುವ ಪಕ್ಷದ ಪಾರ್ಲಿಮೆಂಟು ಸದಸ್ಯೆ ಜೋ ಕಾಕ್ಸ್ ಅವರನ್ನು ಅವರ ಕ್ಷೇತ್ರದಲ್ಲೇ ಕೊಲೆ ಮಾಡಲಾಯಿತು. ಮಾತು ಎಷ್ಟು ಕಾದಿತ್ತೆಂಬುದನ್ನು ದೇಶ ಆ ದಿನ ಕಂಡಿತು.

ನಮ್ಮ ವಾಚಕರಿಗೆ ಸ್ವಾರಸ್ಯವೆನಿಸುವ ಅಂಶವೊಂದಿದೆ. ಆ ಮತದಾನದಲ್ಲಿ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಹಕ್ಕಿತ್ತು. ಮೈಸೂರಿನಿಂದಲೋ ಧಾರವಾಡದಿಂದಲೋ ಹೋಗಿ ಅಲ್ಲಿ ವೈದ್ಯರಾಗಿಯೋ ಎಂಜಿನಿಯರಾಗಿಯೋ ದುಡಿಯುತ್ತಿದ್ದ ಭಾರತದ ಪ್ರಜೆ ಹೆಸರು ನೋಂದಾಯಿಸಿ ಮತ ಹಾಕಬಹುದಿತ್ತು. ಇಪ್ಪತ್ತು ವರ್ಷ ಅಲ್ಲೇ ಬಾಳಿದ ಫ್ರೆಂಚ್ ಅಥವಾ ಪೋಲಿಷ್ ಪ್ರಜೆಗೆ ಆ ಹಕ್ಕಿರಲಿಲ್ಲ. ಯಾರ ಬಾಳು ಈ ತೀರ್ಪಿನ ಮೇಲೆ ಎಲ್ಲರಿಗಿಂತ ಹೆಚ್ಚು ನಿಂತಿತ್ತೋ ಅವರು ಹೊರಗೆ ಕಾದು ನಿಂತರು. ‘ಜನರ ತೀರ್ಪು’ ಎಂದಾಗ ‘ಜನ’ ಎಂದರೆ ಯಾರು ಎಂಬ ಪ್ರಶ್ನೆಯನ್ನು ಮೊದಲೇ ಯಾರೋ ಉತ್ತರಿಸಿಟ್ಟಿರುತ್ತಾರೆ.

ಫಲಿತಾಂಶವನ್ನು ಬಿಡಿಸಿ ನೋಡಿದರೆ ಇನ್ನೊಂದು ಒಡಕು. ಇಂಗ್ಲೆಂಡು, ವೇಲ್ಸ್ ಬಿಡಬೇಕೆಂದವು. ಸ್ಕಾಟ್ಲೆಂಡಿನಲ್ಲಿ ಶೇಕಡ 62, ಉತ್ತರ ಐರ್ಲೆಂಡಿನಲ್ಲಿ ಶೇಕಡ 55.8 ಮತಗಳು ಉಳಿಯುವುದಕ್ಕೆ ಬಿದ್ದವು. ಜನಮತಕ್ಕೆ ಮಾತು ಕೊಟ್ಟಿದ್ದ ಪ್ರಧಾನಿ ಡೇವಿಡ್ ಕ್ಯಾಮರಾನ್ ಮರುದಿನ ಬೆಳಗ್ಗೆಯೇ ಪದವಿ ಬಿಡುವುದಾಗಿ ಸಾರಿದರು. ಅವರ ಸ್ಥಾನಕ್ಕೆ ಬಂದ ತೆರೆಸಾ ಮೇ, ‘ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್’ ಎಂದರು. ನಿಘಂಟು ಬರೆಯುವವರು ಒಪ್ಪದ ಅರ್ಥವಿವರಣೆ ಅದು. ಆದರೆ ಆಗ ಅದಕ್ಕಿಂತ ಹೆಚ್ಚು ಹೇಳಿದ್ದರೆ ಗೆದ್ದ ಪಕ್ಷವೇ ಒಡೆಯುತ್ತಿತ್ತು. ನಾರ್ವೆಯಂತೆ ಒಕ್ಕೂಟದ ಹೊರಗಿದ್ದೂ ಅದರ ಮಾರುಕಟ್ಟೆಯೊಳಗೆ ಇರುವುದೆ? ಕೆನಡಾದಂತೆ ವ್ಯಾಪಾರದ ಒಪ್ಪಂದವಷ್ಟೇ ಸಾಕೆ? ಯಾವ ಒಪ್ಪಂದವೂ ಇಲ್ಲದೆ ಎದ್ದು ನಡೆಯುವುದೆ? ಈ ಮೂರಕ್ಕೂ ಮತಪತ್ರದ ಮೇಲೆ ಒಂದೇ ಪದವಿತ್ತು.

ನಡುಗೋಡೆಯ ಪ್ರಶ್ನೆ ಎದ್ದುದು ಐರ್ಲೆಂಡಿನಲ್ಲಿ. ಐರ್ಲೆಂಡ್ ಗಣರಾಜ್ಯ ಒಕ್ಕೂಟದಲ್ಲೇ ಉಳಿಯಿತು; ಉತ್ತರ ಐರ್ಲೆಂಡು ಬ್ರಿಟನ್ನಿನ ಭಾಗ. ಅವೆರಡರ ನಡುವೆ ಸುಮಾರು 500 ಕಿಲೋಮೀಟರು ಗಡಿ. ದಶಕಗಳ ರಕ್ತಪಾತದ ಬಳಿಕ 1998ರ ಶುಭ ಶುಕ್ರವಾರದ ಒಪ್ಪಂದ ಶಾಂತಿ ತಂದಿತ್ತು. ಗಡಿಯಲ್ಲಿ ತಪಾಸಣೆಯ ಗುರುತೇ ಅಳಿದಿತ್ತು. ಸುಂಕದ ಕಟ್ಟೆಯನ್ನು ಈಗ ಅಲ್ಲಿ ಕಟ್ಟಿದರೆ ಶಾಂತಿಗೆ ಭಂಗ. ಸಮುದ್ರದಲ್ಲಿ ಕಟ್ಟಿದರೆ ದೇಶದ ಒಳಗೇ ಗೋಡೆ. ಎಲ್ಲಿಯೂ ಕಟ್ಟದಿದ್ದರೆ ಬಿಟ್ಟುಹೋದದ್ದಕ್ಕೆ ಅರ್ಥವಿಲ್ಲ. ಪ್ರಚಾರದ ದಿನಗಳಲ್ಲಿ ಈ ಮಾತನ್ನು ಎತ್ತಿದವರಿದ್ದರು, ಕಿವಿಗೊಟ್ಟವರು ಕಡಮೆ.

2019 ಪಾರ್ಲಿಮೆಂಟಿಗೆ ಪರೀಕ್ಷೆಯ ವರ್ಷವಾಯಿತು. ಜನವರಿ 15ರಂದು ಮೇ ಅವರ ಒಪ್ಪಂದ 202ಕ್ಕೆ 432 ಮತಗಳಿಂದ ಬಿದ್ದಿತು. ಮಾರ್ಚಿಯಲ್ಲಿ ಇನ್ನೆರಡು ಸಲ ಬಿದ್ದಿತು. ಹಾಗಾದರೆ ನಿಮಗೇನು ಬೇಕೆಂದು ಹೇಳಿ ಎಂದು ಮಾರ್ಚ್ 27ರಂದು ಎಂಟು ಮಾರ್ಗಗಳನ್ನು ಸದಸ್ಯರ ಮುಂದಿಡಲಾಯಿತು. ಎಂಟೂ ಸೋತವು. ಏಪ್ರಿಲ್ 1ರಂದು ನಾಲ್ಕು ಮಾರ್ಗ, ನಾಲ್ಕೂ ಸೋತವು. ಸುಂಕದ ಒಕ್ಕೂಟವೊಂದರಲ್ಲಿ ಉಳಿಯುವ ಸೂಚನೆಗೆ 273 ಮತ ಬಂದರೆ ವಿರುದ್ಧ 276. ಪ್ರತಿಯೊಂದು ದಾರಿಗೂ ‘ಬೇಡ’ ಎನ್ನುವವರ ಬಹುಮತವಿತ್ತು; ಯಾವ ದಾರಿಗೂ ‘ಬೇಕು’ ಎನ್ನುವವರ ಬಹುಮತವಿರಲಿಲ್ಲ. ಸದಸ್ಯರನ್ನು ಬಯ್ದವರು ಬಹಳ. ಆದರೆ ಸಭೆ ತೋರಿಸಿದ್ದು ದೇಶದ ಮನಸ್ಸನ್ನೇ ಅಲ್ಲವೆ?

ಕೊನೆಗೆ ಬೋರಿಸ್ ಜಾನ್ಸನ್ ‘ಮುಗಿಸಿಬಿಡೋಣ’ ಎಂಬ ಒಂದೇ ಮಾತಿನಿಂದ 2019ರ ಡಿಸೆಂಬರಿನ ಚುನಾವಣೆಯನ್ನು ಗೆದ್ದರು. ಜನ ವಾದದಿಂದಲೇ ದಣಿದಿದ್ದರು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು. ಸುಂಕದ ಗೆರೆ ಸಮುದ್ರಕ್ಕೆ ಬಿತ್ತು. ಅದನ್ನು ಸರಿಪಡಿಸಲು 2023ರಲ್ಲಿ ವಿಂಡ್ಸರಿನಲ್ಲಿ ಮತ್ತೊಂದು ಏರ್ಪಾಟು ಬೇಕಾಯಿತು.

ಇದರಿಂದ ಜನರನ್ನು ನೇರವಾಗಿ ಕೇಳಲೇಬಾರದೆಂಬ ನಿರ್ಣಯಕ್ಕೆ ಬರುವುದು ಅವಸರ. ಪಕ್ಕದ ಐರ್ಲೆಂಡೇ ಬೇರೊಂದು ದಾರಿ ತೋರಿಸಿತು. ಗರ್ಭಪಾತ ಕುರಿತ ಸಂವಿಧಾನದ ವಿಧಿಯನ್ನು ತೆಗೆಯಬೇಕೆ ಎಂಬ ಪ್ರಶ್ನೆಯನ್ನು ಅಲ್ಲಿ ಮೊದಲು ಸಾಮಾನ್ಯ ಪ್ರಜೆಗಳ ಸಭೆಯೊಂದು ತಿಂಗಳುಗಟ್ಟಲೆ ಚರ್ಚಿಸಿತು. ವಿಧಿ ಹೋದರೆ ಯಾವ ಕಾನೂನು ತರುವೆವೆಂದು ಸರ್ಕಾರ ಕರಡನ್ನು ಮುಂಚೆಯೇ ಪ್ರಕಟಿಸಿತು. ಆಮೇಲೆ 2018ರ ಮೇ 25ರಂದು ಜನರನ್ನು ಕೇಳಿತು. ಶೇಕಡ 66ರಷ್ಟು ಮತಗಳು ಒಪ್ಪಿದವು. ವಿಷಯ ಕಡಮೆ ನೋವಿನದಾಗಿರಲಿಲ್ಲ. ಆದರೆ ‘ಹೌದು’ ಎಂದವರಿಗೆ ತಾವು ಯಾವುದಕ್ಕೆ ಹೌದೆನ್ನುತ್ತಿದ್ದೇವೆಂದು ಗೊತ್ತಿತ್ತು. ‘ಇಲ್ಲ’ ಎಂದವರಿಗೂ ಗೊತ್ತಿತ್ತು.

ನಮ್ಮ ಕಾಲೇಜುಗಳ ಚರ್ಚಾಕೂಟಗಳಲ್ಲಿ ಪರ–ವಿರೋಧ ಮಾತಾಡಿ, ಕೈ ಎತ್ತಿಸಿ, ಬಹುಮಾನ ಹಂಚಿ ಸಭೆ ಮುಗಿಸುತ್ತೇವೆ. ಅಲ್ಲಿ ಅದು ಸರಿ. ಸೋತವನೂ ಗೆದ್ದವನೂ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಾರೆ. ದೇಶವೊಂದು ಕೈ ಎತ್ತುವಾಗ ಮಾತ್ರ ನಿರ್ಣಯದ ವಾಕ್ಯದಲ್ಲಿ ‘ಆಮೇಲೆ?’ ಎಂಬ ಪದವೂ ಇರಬೇಕು. ಆ ಪದವನ್ನು ಕೇಳುವುದು ಮತದಾನಕ್ಕೆ ಮುಂಚೆ ಮತದಾರನ ಹಕ್ಕು. ಉತ್ತರಿಸುವುದು ಮತ ಬೇಡುವವನ ಹೊಣೆ.