ಪಿಗ್ಮಿಯ ಎರಡಾಣೆ, ಪೀಣ್ಯದ ಬಿಲ್ಲು

ಪೀಣ್ಯದ ಶೆಡ್ಡೊಂದರಲ್ಲಿ ಎರಡು ಲೇತ್ ಇಟ್ಟುಕೊಂಡವರೊಬ್ಬರು ದೊಡ್ಡ ಕಂಪನಿಗೆ ಹತ್ತು ಲಕ್ಷ ರೂಪಾಯಿಯ ಬಿಡಿಭಾಗ ಮಾಡಿಕೊಟ್ಟಿದ್ದಾರೆ ಎಂದುಕೊಳ್ಳಿ. ಮಾಲು ಹೋಯಿತು, ಬಿಲ್ಲೂ ಪಾಸಾಯಿತು. ಹಣ ಬರಲು ಮಾತ್ರ ಇನ್ನೂ 45 ದಿನ. ಅಷ್ಟರಲ್ಲಿ ಶನಿವಾರದ ಸಂಬಳ, ಕರೆಂಟ್ ಬಿಲ್, ಮುಂದಿನ ಆರ್ಡರಿನ ಕಬ್ಬಿಣ ಯಾವುದೂ ಕಾಯುವುದಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಆ ಕಂಪನಿ ಸಗಟು ಗ್ರಾಹಕ. ಅದಕ್ಕೆ ಬೇಕಾದದ್ದು ಕೋಟಿಗಟ್ಟಲೆ ದುಡಿಯುವ ಬಂಡವಾಳ, ಬ್ಯಾಂಕ್ ಗ್ಯಾರಂಟಿ, ಆಮದಿಗೆ ಲೆಟರ್ ಆಫ್ ಕ್ರೆಡಿಟ್. ಉಳಿತಾಯ ಖಾತೆ, ಮನೆ ಸಾಲ, ಚಿನ್ನದ ಸಾಲ ಎಂದು ಶಾಖೆಗೆ ಬರುವ ನಾವೆಲ್ಲ ಚಿಲ್ಲರೆ ಗ್ರಾಹಕರು. ಲೇತ್‌ನವರದು ಎರಡರ ನಡುವಿನ ಜಾಗ. ಬ್ಯಾಂಕುಗಳು ಬೆಳೆಯಬಹುದಾದ ಜಾಗವೂ ಅದೇ ಎಂಬುದು ನನ್ನ ನಂಬಿಕೆ.

ಸಗಟು, ಚಿಲ್ಲರೆ ಎರಡೂ ಒಂದಕ್ಕೊಂದು ಬೇಕು. ಸಗಟು ಸಾಲ ಕೊಡಲು ಅಗ್ಗದ ಹಣ ಬೇಕು. ಅದು ಬರುವುದು ಚಿಲ್ಲರೆ ಠೇವಣಿಯಿಂದ. ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಇದನ್ನು ಚೆನ್ನಾಗಿ ಅರಿತಿತ್ತು. 1928ರಲ್ಲಿ ಅದು ಪಿಗ್ಮಿ ಎಂಬ ಠೇವಣಿ ಯೋಜನೆ ಶುರುಮಾಡಿ, ಏಜೆಂಟರನ್ನು ಮನೆಬಾಗಿಲಿಗೇ ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡಿತು. ಸಾವಿರಾರು ಜನರ ಹಣ ಒಂದೇ ದಿನ ಹೊರಗೆ ಹೋಗುವುದು ಅಪರೂಪ. ಬೃಹತ್ ಠೇವಣಿದಾರ ಮಾತ್ರ ಬಡ್ಡಿ ಅರ್ಧ ಪೈಸೆ ಹೆಚ್ಚು ಸಿಕ್ಕರೆ ಬೇರೆ ಬ್ಯಾಂಕಿಗೆ ಹೋಗಿಬಿಡುತ್ತಾನೆ. ಸಾಲದ ಕಡೆಯೂ ಹಾಗೆಯೇ. ದೊಡ್ಡ ಸಾಲ ಒಂದು ಮುಳುಗಿದರೂ ಸಾವಿರ ಸಣ್ಣ ಸಾಲಗಳ ಲಾಭ ಹೋಯಿತು. ಅದಕ್ಕೇ ಒಬ್ಬನೇ ಸಾಲಗಾರನಿಗೆ ಕೊಡುವ ಮೊತ್ತ ಸಾಮಾನ್ಯವಾಗಿ ಬ್ಯಾಂಕಿನ ಮೂಲ ಬಂಡವಾಳದ ಶೇ 20 ಮೀರಬಾರದೆಂದು ರಿಸರ್ವ್ ಬ್ಯಾಂಕ್ ಗೆರೆ ಎಳೆದಿದೆ.

ಇನ್ನು ನಡುವಿನ ಜಾಗಕ್ಕೆ ಬಂದರೆ, ಲೇತ್‌ನವರ ಬಿಲ್ಲಿಗೆ ಈಗ ಟ್ರೆಡ್ಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಅವರು ಬಿಲ್ಲನ್ನು ಅಲ್ಲಿಗೆ ಏರಿಸುತ್ತಾರೆ, ಕಂಪನಿ ಒಪ್ಪಿಗೆ ಒತ್ತುತ್ತದೆ, ಬ್ಯಾಂಕುಗಳು ಬಡ್ಡಿ ದರ ಕೂಗುತ್ತವೆ. ವರ್ಷಕ್ಕೆ ಶೇ 9 ಎಂದು ನಿಂತರೆ 45 ದಿನಕ್ಕೆ ಸುಮಾರು 11,100 ರೂಪಾಯಿ ಮುರಿದುಕೊಂಡು, ಶುಲ್ಕ ಕಳೆದು ಉಳಿದದ್ದು ಒಂದೆರಡು ದಿನದಲ್ಲಿ ಖಾತೆಗೆ ಬೀಳುತ್ತದೆ. ಅಡಮಾನವಿಲ್ಲ. ಬ್ಯಾಂಕ್ ನೋಡುವುದು ಕಂಪನಿಯ ಸಾಮರ್ಥ್ಯವನ್ನು, ಲೇತ್‌ನವರ ನಿವೇಶನವನ್ನಲ್ಲ. ಗಡುವಿಗೆ ಕಂಪನಿ ಕಟ್ಟದಿದ್ದರೂ ಬ್ಯಾಂಕ್ ಇವರ ಬಾಗಿಲು ತಟ್ಟುವಂತಿಲ್ಲ.

ಬ್ಯಾಂಕಿಗೂ ಲಾಭವಿದೆ. ಒಂದು ಕಂಪನಿಯ ಹಿಂದೆ ನೂರಾರು ಸರಬರಾಜುದಾರರಿರುತ್ತಾರೆ, ಅವರ ಹಿಂದೆ ಕೆಲಸಗಾರರ ಸಂಬಳದ ಖಾತೆಗಳು, ಆಮೇಲೆ ಅವರ ಬೈಕ್ ಸಾಲ, ಮನೆ ಸಾಲ. ಹೊಸ ಬಡಾವಣೆಯಲ್ಲಿ ಬೋರ್ಡು ಹಾಕಿ ಕೂರುವುದಕ್ಕಿಂತ ಈ ಸರಪಳಿ ಹಿಡಿದು ಹೋಗುವುದು ಜಾಣತನ.

250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್‌ನಲ್ಲಿ ಸೇರುವುದು ಈಗ ಕಡ್ಡಾಯ. ಆದರೆ ಸೇರಿದ ಮಾತ್ರಕ್ಕೆ ಪ್ರತಿ ಬಿಲ್ಲಿಗೂ ಒಪ್ಪಿಗೆ ಒತ್ತಲೇಬೇಕೆಂದಿಲ್ಲ. ನನಗೆ ಬೇಸರವಾಗುವುದು ಇಲ್ಲೇ. ಆದ್ದರಿಂದ ನಿಮ್ಮದೂ ಇಂಥ ಸಣ್ಣ ಉದ್ಯಮವಾದರೆ, ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಳ್ಳಿ. ಆರ್ಡರ್ ಒಪ್ಪುವ ಮೊದಲೇ, ದರ ಮಾತಾಡುವ ಹೊತ್ತಿಗೇ, ಬಿಲ್ಲನ್ನು ಟ್ರೆಡ್ಸ್‌ನಲ್ಲಿ ಒಪ್ಪುತ್ತೀರಾ ಎಂದು ಕೇಳಿ.